ಮುತ್ತಮ್ಮನ ಸಹಿ

ಜನವರಿ 19, ಸೋಮವಾರ. ಊಟದ ಬಿಡುವು

ಇವತ್ತೂ ಇಂದ್ರೇಶ್ ಬರಲಿಲ್ಲ. ಯೂನಿಯನ್ ಸೆಕ್ರೆಟರಿಯಂತೆ! ಹನ್ನೊಂದಕ್ಕೆ ಗೇಟಿಗೆ ಬರುತ್ತೇನೆ ಎಂದವನ ಫೋನು ಸ್ವಿಚ್ ಆಫ್. ಆಯುಧಪೂಜೆಗೆ ಬೂಂದಿ ಹಂಚಲು ಮಾತ್ರ ತಪ್ಪದೆ ಹಾಜರ್.

ಮುತ್ತಮ್ಮ ಗೇಟಿನಾಚೆ ಕಾದು ಕಾದು ಹೋದಳು. ಕೆಲಸದಿಂದ ಅವಳನ್ನು ತೆಗೆದು ಎರಡು ವರ್ಷ ದಾಟಿತು. ಮಾಡಿದ್ದೇನು? ಒಂದು ಹೋಳಿನಲ್ಲಿ ಕಂದು ಸಿಪ್ಪೆ ಉಳಿದಿದೆ ಎಂದು ಸೂಪರ್‌ವೈಸರ್ ಲಕ್ಕಪ್ಪ ಅವಳ ಇಡೀ ಬುಟ್ಟಿ ಕೊಬ್ಬರಿ ರಿಜೆಕ್ಟ್ ಮಾಡಿದ. ಅವಳು ಬುಟ್ಟಿಯನ್ನು ಅವನ ಶೂ ಮೇಲೆ ಸುರಿದಳು. ಸರಿಯಾಗಿಯೇ ಮಾಡಿದಳು. ಈ ತೆಂಗಿನಪುಡಿ ಫ್ಯಾಕ್ಟರಿಯಲ್ಲಿ ನನಗೆ ಚಾಕು ಹಿಡಿಯಲು ಕಲಿಸಿದವಳು ಅವಳು. ಯೂನಿಯನ್ ಹಾಕಿದ ಅವಳ ಕೇಸು ಹಾಸನದ ಲೇಬರ್ ಆಫೀಸಿನಲ್ಲಿ ಬಿದ್ದಿದೆ. ಕೇಳಿದರೆ ಇಂದ್ರೇಶನದು ಒಂದೇ ರಾಗ: "ಮುಂದಿನ ಡೇಟ್‌ಗೆ ಆಯ್ತದೆ ಕಣಮ್ಮ."

ಜನವರಿ 23, ಶುಕ್ರವಾರ

ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಚೈತನ್ಯ ಸಿಕ್ಕಿದ. ಲಾ ಓದಿದ ಹುಡುಗ, ಹೊಸ ಯೂನಿಯನ್ ಕಟ್ಟುತ್ತಿದ್ದಾನೆ. "ಯೂನಿಯನ್ ಬದಲಾಯಿಸೋದು ನಿಮ್ಮ ಹಕ್ಕು ಮೇಡಂ. ಯಾರೂ ತಡೆಯೋ ಹಾಗಿಲ್ಲ." ಮೇಡಂ! ಇಂದ್ರೇಶ್ ನನ್ನನ್ನು 'ಏನಮ್ಮೀ' ಬಿಟ್ಟು ಬೇರೆ ಕರೆದಿಲ್ಲ.

"ಪೆಂಡಿಂಗ್ ಕೇಸ್ ಏನಾದ್ರೂ ಇದ್ಯಾ?" ಎಂದ. ಒಂದಿದೆ ಎಂದೆ. "ನೋಡ್ಕೊಳ್ಳೋಣ" ಎಂದ. ಅಷ್ಟರಲ್ಲಿ ಫೋನ್ ಬಂತು, ಎದ್ದು ಹೋದ.

ಜನವರಿ 25, ಭಾನುವಾರ

ರಾಜೀನಾಮೆ ಕಾಗದ ನಾನೇ ಬರೆದೆ. 'ನಮ್ಮ ಪರವಾಗಿ ಮಾತನಾಡಲು ನಿಮಗೆ ಕೊಟ್ಟಿದ್ದ ಎಲ್ಲ ಅಧಿಕಾರವನ್ನೂ ಇಂದಿನಿಂದ ಹಿಂಪಡೆದಿದ್ದೇವೆ.' ನಾಲ್ಕು ಸಲ ಓದಿಕೊಂಡೆ. ಎಷ್ಟು ಖುಷಿಯಾಯಿತು!

ಮೊದಲ ಸಹಿ ಮುತ್ತಮ್ಮನದೇ ಇರಲಿ ಎಂದು ಮೇಲೆ ಜಾಗ ಬಿಟ್ಟಿದ್ದೆ. ಅವಳು ಪೆನ್ನು ಮುಟ್ಟಲಿಲ್ಲ. "ನಂದು ಬ್ಯಾಡ ಕಣೇ ಮಣಿ. ಕೇಸು ಮುಗೀಲಿ, ತಡಿ."

ರೇಗಿಹೋಯಿತು. "ನಿಂಗೋಸ್ಕರ ನಾವೆಲ್ಲ ಬಿಡ್ತಾ ಇದೀವಿ, ನೀನು ಆ ಕಳ್ಳನ ಹತ್ರಾನೇ ಉಳ್ಕೊಂತೀಯಾ? ನಾಚ್ಕೆ ಆಗಲ್ವಾ?"

ಸಹಿ ಹಾಕಿದಳು. ಅವಳ ಹಿಂದೆ ಇನ್ನೂ ತೊಂಬತ್ತೈದು ಜನ.

ಜನವರಿ 28, ಬುಧವಾರ

ಕಾಗದ ಕೊಟ್ಟೆ. ಇಂದ್ರೇಶ್ ಬೆರಳಿಟ್ಟು ಓದಿದ. "ಮುತ್ತಮ್ಮನ್ ಹೆಸ್ರು ಹೊಡ್ದಾಕು. ಹತ್ತನೇ ತಾರೀಕು ಡೇಟ್ ಐತೆ. ಅದು ಮುಗುದ್ಮೇಲೆ ಅವಳು ಎಲ್ಲಿಗಾದ್ರೂ ಹೋಗ್ಲಿ."

"ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡ್ತೀರಾ?" ಎಂದೆ.

"ನಾಲ್ಗೆ ಬಿಗಿ ಹಿಡಿ. ನಿಮ್ಮಂಥೋರ್ಗೆ ನಾಕಕ್ಷರ ಬಂದಿದ್ದೇ ಬಂದಿದ್ದು..."

ನಿಮ್ಮಂಥೋರು. ಯಾರಂಥೋರು? ಅದನ್ನು ಕೇಳಿದ ಮೇಲೆ ಅವನು ದೇವರಾಣೆ ಇಟ್ಟರೂ ನಾನು ಒಂದಕ್ಷರ ಹೊಡೆದುಹಾಕುತ್ತಿರಲಿಲ್ಲ. ಕಾಗದ ಮುಟ್ಟಿದೆ ಎಂದು ಸೀಲ್ ಒತ್ತಿಸಿಕೊಂಡೇ ಬಂದೆ.

ಫೆಬ್ರವರಿ 10, ಮಂಗಳವಾರ. ಹಾಸನ ಬಸ್ ಸ್ಟ್ಯಾಂಡ್, ಮಧ್ಯಾಹ್ನ 2.20

ಬಸ್ಸು ಹೊರಡುವ ಮೊದಲು ಬರೆದುಬಿಡುತ್ತೇನೆ.

ಕಂಪನಿ ವಕೀಲ ರಾಜಿಪತ್ರ ಟೈಪ್ ಮಾಡಿಸಿಯೇ ತಂದಿದ್ದ. ಮಾರ್ಚ್ ಒಂದರಿಂದ ಮುತ್ತಮ್ಮನಿಗೆ ಮತ್ತೆ ಕೆಲಸ. ಹೌದು — ಕೆಲಸ! ಇಂದ್ರೇಶ್ ಹೇಳಿದ್ದ ಡೇಟ್ ನಿಜವಾಗಿತ್ತು.

"ಯೂನಿಯನ್ ಕಡೆಯವರು ಸಹಿ ಮಾಡಿ" ಎಂದರು ಲೇಬರ್ ಆಫೀಸರ್. ಇಂದ್ರೇಶ್ ಜೇಬಿನಿಂದ ನನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟ. "ನಂಗೆ ಅಧಿಕಾರ ಇಲ್ಲ ಸಾರ್. ಮೊದಲ್ನೇ ಸಹೀನೇ ಈಯಮ್ಮಂದು, ನೋಡಿ." ಮಡಿಚಿದ ಗೆರೆ ಕೂಡ ಬೆರಳಲ್ಲಿ ತೀಡಿದ, ಪಾಪಿ.

ತಾನು ಹಾಕುತ್ತೇನೆಂದು ಚೈತನ್ಯ ಎದ್ದ. ಆಫೀಸರ್ ಹೊಸ ಯೂನಿಯನ್ನಿನ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಕೇಳಿದರು. "ಅರ್ಜಿ ಹಾಕಿದೀವಿ ಸಾರ್." ಅರ್ಜಿ! ತೊಂಬತ್ತಾರು ಜನರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ನಾನೇ ಹಾಕ್ತೀನಿ ಸ್ವಾಮಿ" ಎಂದಳು ಮುತ್ತಮ್ಮ. ಕೇಸು ಯೂನಿಯನ್ ಹೆಸರಲ್ಲಿದೆ, ನೀವು ಹೊಸದಾಗಿ ಅರ್ಜಿ ಕೊಡಬೇಕು, ಅವಧಿ ಮೀರಿದೆ ಎಂದು ಕಂಪನಿಯವರು ತಕರಾರು ತೆಗೆಯಬಹುದು ಎಂದರು ಆಫೀಸರ್. ವಕೀಲ ರಾಜಿಪತ್ರವನ್ನು ಬ್ಯಾಗಿಗೆ ಸೇರಿಸಿದ.

ಮೆಟ್ಟಿಲಿಳಿಯುವಾಗ ಅವಳ ಕೈ ಹಿಡಿದೆ. ಕೊಡವಿದಳು. "ನಿನ್ ಬಾಯ್ಗೆ ಮಣ್ ಬೀಳ! ಬ್ಯಾಡ ಬ್ಯಾಡ ಅಂದ್ರೂ ಹಾಕುಸ್ದಲ್ಲೇ." ಅರಸೀಕೆರೆ ಬಸ್ಸಿನಲ್ಲಿ ಸೀಟಿತ್ತು. ನನ್ನ ಜೊತೆ ಹತ್ತಲಿಲ್ಲ.

ಫೆಬ್ರವರಿ 22, ಭಾನುವಾರ. ಬೆಳಿಗ್ಗೆ 10.30

ಮುತ್ತಮ್ಮ ಹಳೇಬೀಡಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳಂತೆ. ವಯಸ್ಸು ಐವತ್ತು ದಾಟಿದ ಮೇಲೆ.

ಚೈತನ್ಯ ಫೋನ್ ಮಾಡಿದ್ದ. ಹೊಸ ಯೂನಿಯನ್ನಿಗೆ ನಾನೇ ಅಧ್ಯಕ್ಷೆಯಂತೆ. "ಹೋರಾಟದಲ್ಲಿ ಇಂಥದ್ದೆಲ್ಲ ಆಗುತ್ತೆ ಮೇಡಂ." ಆಗುತ್ತೆ! ಆದದ್ದು ಯಾರಿಗೆ? ಬಾಯಿಗೆ ಬಂದಂತೆ ಬೈದೆ. ಬೈದರೂ ಸಮಾಧಾನವಿಲ್ಲ. ತಪ್ಪು ನನ್ನದು.

ಈಗ ಮಾರಮ್ಮ ಬಂದು ಹೋದಳು — ನನ್ನ ಪಕ್ಕದ ಟೇಬಲ್ಲಿನವಳು, ಸಹಿ ಹಾಕದೆ ಹಳೇ ಯೂನಿಯನ್ನಿನಲ್ಲೇ ಉಳಿದವಳು. ಇಂದ್ರೇಶ್ ಹೇಳಿ ಕಳಿಸಿದ್ದಾನೆ. ಮುತ್ತಮ್ಮ ವಾಪಸ್ ಸೇರಿದರೆ ಕೇಸು ಮತ್ತೆ ಹಿಡಿಯುತ್ತಾನಂತೆ. ವಕೀಲನ ಹತ್ತಿರ ಮಾತಾಡಿದ್ದಾನೆ, ರಾಜಿಗೆ ಈಗಲೂ ಒಪ್ಪುತ್ತಾರಂತೆ. ಆದರೆ ಕಾಗದ ಬರೆದವಳೇ ಇನ್ನೊಂದು ಕಾಗದ ಕೊಡಬೇಕು. ಏನು ಬರೆದಿದೆ ಎಂದು ಓದಿ ಹೇಳದೆ, ಮೋಸದಿಂದ ಮುತ್ತಮ್ಮನ ಸಹಿ ಹಾಕಿಸಿದೆ ಎಂದು. ನಾಳೆ ಗೇಟಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಬೇಕು.

"ಸುಳ್ಳಲ್ವೇನೇ ಅದು?" ಎಂದೆ.

"ಸುಳ್ಳೇ ಕಣೇ. ನಿನ್ ಮಾನ ದೊಡ್ದೋ, ಅವಳ ಕೂಳು ದೊಡ್ದೋ, ನೀನೇ ನೋಡ್ಕೊ" ಎಂದು ಹೋದಳು.

ತೊಂಬತ್ತೈದು ಜನ ನನ್ನನ್ನು ಮೋಸಗಾತಿ ಎನ್ನುತ್ತಾರೆ. ಲಕ್ಕಪ್ಪ ಅದನ್ನೇ ಹಿಡಿದು ನನ್ನನ್ನೂ ತೆಗೆಸಬಹುದು. ತೆಗೆಸಲಿ. ಬರೆಯುತ್ತೇನೆ. ಬಿಳಿ ಹಾಳೆ ತೆಗೆದಾಯಿತು. 'ಮಾನ್ಯ ಕಾರ್ಯದರ್ಶಿಗಳಿಗೆ' ಎಂದು ಶುರು ಮಾಡಬೇಕು. ಆ ಇಂದ್ರೇಶನಿಗೆ. ಥೂ... ಮಾನ್ಯ —