ಮಾಲೀಕರ ಆದೇಶದ ಮೇರೆಗೆ

ಕಾಚಿಗೂಡ, ಹೈದರಾಬಾದ್
ಬುಧವಾರ, ೧೪ ಮೇ ೨೦೨೫

ಶ್ರೀವಿದ್ಯಾ,

ಆಶೀರ್ವಾದ ಯಾವತ್ತೂ ಇದ್ದದ್ದೇ, ಇವತ್ತು ಅದನ್ನು ಬರೆಯಲು ಕೈ ಏಳುತ್ತಿಲ್ಲ. ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲೇ ಬೈಯೋಣವೆಂದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಹತ್ತು ಆಡಿ, ಕ್ಲಾಸು ತೆಗೆದುಕೊಳ್ಳಲು ಹೊತ್ತಾಯಿತು ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ. ಕಲಬುರಗಿಯಲ್ಲಿ ಒಂದು ಕಡೆ ಕೂತು ಕೊನೆಯವರೆಗೂ ಓದು.

ಮೊನ್ನೆ ಸೋಮವಾರ ಬೆಳಿಗ್ಗೆ ಐದೂಕಾಲಿಗೆ ನೀನು ಹಾಸಿಗೆಯ ಮೇಲೆ ಕೂತು ಫೋನಿನಲ್ಲಿ ಒಂದು ಗುಂಡಿ ಒತ್ತಿದೆ. ಇಲ್ಲಿ ಆರಾಂಘರ್ ಚೌರಸ್ತೆಯಲ್ಲಿ ನಿಂತಿದ್ದ ನನ್ನ ಕಾರು ಮತ್ತೆ ಶುರುವಾಗಲೇ ಇಲ್ಲ. ಇಷ್ಟು ನಿನಗೆ ಗೊತ್ತು. ಆ ಗುಂಡಿಯಿಂದ ಏನಾಯಿತು ಎಂಬುದು ಗೊತ್ತಿಲ್ಲ.

ಮೊದಲು ನನ್ನ ಸುಳ್ಳು ಒಪ್ಪಿಕೊಳ್ಳುತ್ತೇನೆ. ಮೂರು ತಿಂಗಳಿಂದ ಬೆಳಗಿನ ಭಜನೆಗೆ ಹೋಗುತ್ತೇನೆ ಎಂದು ಹೇಳುತ್ತಿದ್ದೆನಲ್ಲ, ಅದು ಸುಳ್ಳು. ದಿನಕ್ಕೆ ಅರವತ್ತು ಕಿಲೋಮೀಟರು ಎಂಥ ಭಜನೆ ಎಂದು ನೀನು ಕೇಳಿದಾಗ, ದಿನಕ್ಕೊಂದು ಗುಡಿ ಎಂದೆನಲ್ಲ, ಅದೂ ಸುಳ್ಳು. ನಾನು ಹೋಗುತ್ತಿದ್ದದ್ದು ಶಂಶಾಬಾದಿಗೆ, ವಿಮಾನ ನಿಲ್ದಾಣಕ್ಕೆ. ನಮ್ಮ ಹಿಂದಿನ ಗಲ್ಲಿಯ ಸುಗಲಮ್ಮ ಅಲ್ಲಿ ನೆಲ ಒರೆಸುವ ಕೆಲಸಕ್ಕಿದ್ದಾಳೆ. ಇದ್ದಳು ಎನ್ನಬೇಕು ಈಗ.

ಫೆಬ್ರವರಿಯಲ್ಲಿ ಒಂದು ದಿನ ಬೆಳಿಗ್ಗೆ ವಾಕಿಂಗ್ ಹೊರಟಾಗ ಅವಳು ಬಸ್ ಸ್ಟಾಪಿನಲ್ಲಿ ಅಳುತ್ತ ನಿಂತಿದ್ದಳು. ರಾಯಚೂರಿನ ಕಡೆಯವಳು, ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದಾರೆ. ಏನಾಯಿತೇ ಎಂದು ಕೇಳಿದರೆ, "ಬಸ್ ಬರಲೇ ಇಲ್ಲರಿ ಅಕ್ಕಾರ. ಎರಡ ಸಲ ತಡಾ ಆಗೇತಿ, ಮೂರನೇ ಸಲ ಆದ್ರ ಮನಿಗಿ ಹೋಗು ಅಂತಾರ" ಅಂದಳು. ಆರು ಗಂಟೆಯ ಪಾಳಿ. ನಡಿ ಎಂದು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಇನ್ನು ನಿನಗೆ ಮೂರನೆಯದು ಆಗದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದು ಆ ದಿನ ಬಾಯಿಬಿಟ್ಟು ಹೇಳಿದೆ. ಮರುವಾರ ಅವಳ ಜೊತೆ ಕೆಲಸ ಮಾಡುವ ಇನ್ನಿಬ್ಬರು ಸೇರಿಕೊಂಡರು. ಒಬ್ಬಳು ಇಲ್ಲೇ ಹತ್ತುತ್ತಾಳೆ, ಇನ್ನೊಬ್ಬಳು ಆರಾಂಘರಿನಲ್ಲಿ.

ಬಾಡಿಗೆ ಓಡಿಸುತ್ತೀಯಾ ಎಂದು ಸೋಮವಾರ ನೀನು ಕಿರುಚಿದೆ. ಒಂದು ಪೈಸೆ ಮುಟ್ಟಿಲ್ಲ. ಸುಗಲಮ್ಮ ಯಾವಾಗಲಾದರೂ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಾಳೆ. ಅದನ್ನೂ ಬಿಡಬೇಕಿತ್ತೇನು? ನಿನ್ನಪ್ಪ ಹೋದ ಮೇಲೆ ನನಗೆ ನಾಲ್ಕಕ್ಕೇ ಎಚ್ಚರವಾಗುತ್ತದೆ. ಕೆಲಸ ಇರುವತನಕ ಹೇಗೋ ನಡೆಯಿತು. ಹೋದ ವರ್ಷ ನಿವೃತ್ತಿಯಾದ ಮೇಲೆ ಆ ಹೊತ್ತು ಮನೆ ತಿನ್ನಲು ಬರುತ್ತದೆ. ಈ ಮೂವರು ಕಾರಿನಲ್ಲಿ ಕೂತು ಸೂಪರ್‌ವೈಸರನನ್ನು ಆಡಿಕೊಂಡು ನಗುತ್ತಿದ್ದರೆ ನಾನೂ ನಗುತ್ತಿದ್ದೆ. ಇಡೀ ದಿನದಲ್ಲಿ ನಾನು ನಗುತ್ತಿದ್ದದ್ದು ಅದೊಂದೇ ಗಂಟೆ.

ಈ ಕಾರನ್ನು ನಾನು ಎಷ್ಟು ಆಸೆಯಿಂದ ತೆಗೆದುಕೊಂಡೆ ಗೊತ್ತೇ ನಿನಗೆ? ಅರವತ್ತೊಂದಕ್ಕೆ ಡ್ರೈವಿಂಗ್ ಸ್ಕೂಲಿಗೆ ಹೋದೆ. ಅಲ್ಲಿನ ಪೆಟ್ರೋಲ್ ಗಾಡಿಯ ಕ್ಲಚ್ಚು ನನ್ನನ್ನು ನಾಲ್ಕು ರಸ್ತೆ ಕೂಡುವಲ್ಲೆಲ್ಲ ನಿಲ್ಲಿಸಿ ಮರ್ಯಾದೆ ತೆಗೆಯಿತು. ಇದು ಬ್ಯಾಟರಿ ಗಾಡಿ, ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಕಾಲು ಮೆಲ್ಲಗೆ ಎತ್ತಿದರೆ ತಾನೇ ನಿಧಾನವಾಗುತ್ತದೆ, ಇಳಿಜಾರಿನಲ್ಲಿ ಒಂದೆರಡು ಪಾಯಿಂಟು ಚಾರ್ಜು ವಾಪಸ್ಸು ಬರುತ್ತದೆ. ಸದ್ದಿಲ್ಲವೆಂದು ಗಲ್ಲಿಯ ನಾಯಿಗಳೂ ಏಳುವುದಿಲ್ಲ, ಕಿಟಕಿ ಇಳಿಸಿ ನಾನೇ ಕೂಗಿ ಎಬ್ಬಿಸುತ್ತೇನೆ. ಮುನ್ನೂರು ಹೋಗುತ್ತದೆ ಎಂದರು, ಈ ಬಿಸಿಲಿಗೆ ಎಸಿ ಹಾಕಿದರೆ ಇನ್ನೂರಿಪ್ಪತ್ತಕ್ಕೆ ಏದುಸಿರು ಬಿಡುತ್ತದೆ. ಕಟ್ಟಡದ ಕೆಳಗೆ ಗಾಡಿ ನಿಲ್ಲಿಸುವ ಸೆಲ್ಲಾರಿನಲ್ಲಿ ಪ್ಲಗ್ಗು ಚುಚ್ಚಿ ಮಲಗಿದರೆ ವಾಚ್‌ಮನ್ ಅಮರಯ್ಯ ನೀರಿನ ಮೋಟಾರಿಗೆಂದು ಅದನ್ನು ಕಿತ್ತುಹಾಕಿ, ಕೇಳಿದರೆ ಮರೆತೆನಮ್ಮಾ ಎನ್ನುತ್ತಾನೆ. ಅವನ ಜೊತೆ ವಾರಕ್ಕೊಂದು ಜಗಳ. ಆದರೂ ಇದು ನನ್ನ ಗಾಡಿ, ನನ್ನ ನಿವೃತ್ತಿಯ ದುಡ್ಡಿನದು, ಆರ್‌ಸಿಯಲ್ಲಿ ಭವಾನಿ ಶಾಂತಪ್ಪ ಎಂದು ನನ್ನ ಹೆಸರಿದೆ.

ಗಾಡಿ ಎಲ್ಲಿದೆ, ಏನು ಮಾಡುತ್ತಿದೆ ಎಂದು ಫೋನಿನಲ್ಲಿ ತೋರಿಸುವ ಆ್ಯಪಿನಲ್ಲಿ ಮಾತ್ರ ನಿನ್ನ ನಂಬರು. ಅತ್ತೆಯವರಿಗೆ ಓಟಿಪಿ ಎಲ್ಲ ಯಾಕೆ ತಲೆನೋವು ಎಂದು ರವಿಕಿರಣ ಅವರು ಷೋರೂಮಿನಲ್ಲಿ ನಿನ್ನ ಹೆಸರು ಕೊಟ್ಟರು. ಅಳಿಯಂದಿರ ಕಾಳಜಿ ಎಂದು ನಾನೂ ಹೂಂ ಎಂದೆ. ಆವತ್ತಿನಿಂದ ಶುರುವಾಯಿತು ನೋಡು ನಿನ್ನ ದರ್ಬಾರು. ಅವ್ವಾ, ಎಸಿ ಹದಿನೆಂಟಕ್ಕೆ ಯಾಕಿಟ್ಟೆ? ಅವ್ವಾ, ನೂರರತನಕ ಯಾಕೆ ಚಾರ್ಜು ಮಾಡಿದೆ, ಎಂಬತ್ತಕ್ಕೆ ನಿಲ್ಲಿಸು. ಅವ್ವಾ, ಅಬಿಡ್ಸಿನಲ್ಲಿ ಎರಡು ತಾಸು ಏನು ಮಾಡಿದೆ? ಸೀರೆ ನೋಡಿದೆ ತಾಯಿ, ನೋಡಬಾರದೇ? ಊಟ ಮಾಡಿದೆಯಾ ಎಂದು ಕೇಳುವುದನ್ನು ಬಿಟ್ಟು ಎಷ್ಟು ಪರ್ಸೆಂಟ್ ಇದೆ ಎಂದು ಕೇಳಲು ಶುರುಮಾಡಿದೆ. ಇಷ್ಟೆಲ್ಲ ಸಹಿಸಿಕೊಂಡೆ. ಮಗಳು, ದೂರ ಇದ್ದಾಳೆ, ಹೆದರುತ್ತಾಳೆ ಎಂದುಕೊಂಡೆ.

ಸೋಮವಾರದ್ದನ್ನು ಸಹಿಸುವುದಿಲ್ಲ. ಮೂರನೆಯವಳು ಹತ್ತಲೆಂದು ಆರಾಂಘರಿನಲ್ಲಿ ಗಾಡಿ ಆಫ್ ಮಾಡಿದ್ದೆ. ಅವಳು ಹತ್ತಿದಳು, ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು, ಮಾಲೀಕರ ಆದೇಶದ ಮೇರೆಗೆ ವಾಹನ ನಿಲ್ಲಿಸಲಾಗಿದೆ ಎಂದು. ಯಾವ ಮಾಲೀಕರು? ನಾನಲ್ಲವೇ ಕೂತಿರುವುದು? ಕಳ್ಳರು ಎತ್ತಿಕೊಂಡು ಹೋದರೆ ಒತ್ತಲೆಂದು ಇಟ್ಟ ಗುಂಡಿ ಅದು, ಹೆತ್ತ ತಾಯಿಯ ಮೇಲೆ ಒತ್ತಿದೆ. ಒಂದಲ್ಲ, ಹನ್ನೊಂದು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಅವ್ವ ನಿಂತಲ್ಲೇ ನಿಂತಿದ್ದಾಳೆ ಎಂದು ಸಮಾಧಾನವಾಗಿ ಮತ್ತೆ ನಿದ್ದೆ ಹೋದೆನೆಂದು, ಎದ್ದು ಗಾಡಿಯ ಬೀಗ ತೆಗೆದ ಮೇಲೆ ನೀನೇ ಹೇಳಿದೆ.

ಹಿಂದಿನ ಲಾರಿಯವನು ತೆಲುಗಿನಲ್ಲಿ ಬಾಯಿಗೆ ಬಂದಂತೆ ಬೈದ. ಮೂವರೂ ಇಳಿದು ರಸ್ತೆಯಲ್ಲಿ ಓಡಾಡಿ ಆಟೋಗಳಿಗೆ ಕೈ ಮಾಡಿದರು, ಆ ಹೊತ್ತಿಗೆ ಅಷ್ಟು ದೂರ ಯಾರೂ ಒಪ್ಪಲಿಲ್ಲ. ಕಡೆಗೆ ಶಂಶಾಬಾದಿನತನಕ ಒಂದು ಶೇರ್ ಆಟೋ, ಅಲ್ಲಿಂದ ಇನ್ನೊಂದು. ಮುಟ್ಟುವಾಗ ಆರೂ ನಲವತ್ತು. ಉಳಿದಿಬ್ಬರಿಗೆ ಬೈಗುಳದಲ್ಲಿ ಮುಗಿಯಿತು. ಸುಗಲಮ್ಮನದು ಮೂರನೆಯದು. ಗುತ್ತಿಗೆದಾರನ ಸೂಪರ್‌ವೈಸರು ಅವಳ ಕೊರಳಿನ ಪಾಸನ್ನು ಗೇಟಿನಲ್ಲೇ ಬಿಚ್ಚಿಸಿಕೊಂಡು ಕಳಿಸಿದ. ಮಂಗಳವಾರ ನಾನೇ ಹೋಗಿ ಕೈಮುಗಿದೆ. ಒಂದು ಇಲಾಖೆಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತಿಯಾದವಳು, ಆ ಹುಡುಗನಿಗೆ ಕೈಮುಗಿದೆ. "ಇದರ್ ಕ್ಯಾ ಗಾಡಿ ಕಾ ಕಿಸ್ಸಾ ಸುನಾತೇ ಅಮ್ಮಾ, ಜಾವ್" ಅಂದ, ಗಾಡಿಯ ಕಥೆ ಇಲ್ಲಿ ಹೇಳಬೇಡ, ಹೋಗು ಎಂದು.

ಸುಗಲಮ್ಮ ನನ್ನನ್ನು ಬೈಯಲಿಲ್ಲ. "ಇರ್ಲಿ ಬಿಡ್ರಿ ಅಕ್ಕಾರ, ನಿಮ್ಮ ಮಗಳಿಗಿ ನಿಮ್ಮ ಮ್ಯಾಲ ಭಾಳ ಜೀವ ಐತಿ, ಅದಕ್ಕ ಹಂಗ ಮಾಡ್ಯಾಳ" ಅಂತ ನನಗೇ ಸಮಾಧಾನ ಹೇಳಿದಳು. ಅವಳು ನಾಲ್ಕು ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಾನು ಕೊಟ್ಟ ಮಾತನ್ನು ನೀನು ಇನ್ನೂರು ಕಿಲೋಮೀಟರು ದೂರದಿಂದ ಮುರಿದೆ.

ಫೋನಿನಲ್ಲಿ ನೀನು ಅಳುತ್ತ ಹೇಳಿದ್ದು ಕಿವಿಯಲ್ಲೇ ಇದೆ. "ಅವ್ವಾ, ಕತ್ತಲದಾಗ ಹೈವೇಕಡೆ ನಿನ್ನ ಗಾಡಿ ಹೊಂಟಿದ್ದು ಕಂಡ್ತು, ಅಪ್ಪ ನೆನಪಾದ, ಕೈ ತಾನ ಒತ್ತಿಬಿಡ್ತು" ಅಂದೆ. ನಿನ್ನಪ್ಪ ಜಹೀರಾಬಾದಿನ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ತೀರಿಕೊಂಡದ್ದು ನಿನಗೊಬ್ಬಳಿಗೇ ಆದದ್ದೇನು? ಅದನ್ನು ಮುಂದಿಟ್ಟುಕೊಂಡು ನನ್ನ ಮುಂದಿನ ಇಪ್ಪತ್ತು ವರ್ಷವನ್ನೂ ಸೆಲ್ಲಾರಿನಲ್ಲಿ ನಿಲ್ಲಿಸುತ್ತೀಯಾ? ನಿನ್ನ ಹೆದರಿಕೆಗೆ ನೀನು ನಿದ್ದೆಗೆಡು, ಬೇಡ ಎನ್ನುವುದಿಲ್ಲ. ನನ್ನ ಗಾಡಿಗೆ ಬೀಗ ಹಾಕಬೇಡ.

ಈಗ ನನಗೆ ಬೇಕಾದದ್ದು ಹೇಳುತ್ತೇನೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಷೋರೂಮಿಗೆ ಹೋಗಿ ಆ್ಯಪಿನಲ್ಲಿ ನನ್ನ ನಂಬರು ಹಾಕಿಸುತ್ತೇನೆ. ಹಳೆಯ ನಂಬರಿಗೆ ಓಟಿಪಿ ಹೋಗುತ್ತದೆ, ಅವರು ಹೇಳಿದರೆ ಮಾತ್ರ ಆಗುತ್ತದೆ ಎಂದು ಅಲ್ಲಿನ ಹುಡುಗಿ ಹೇಳಿದ್ದಾಳೆ. ನನ್ನ ಗಾಡಿ ನನ್ನದಾಗಲು ನಿನ್ನ ಅಪ್ಪಣೆ ಬೇಕಂತೆ, ಆಗಲಿ. ನಿನಗೆ ಆರು ಅಂಕಿ ಬರುತ್ತದೆ, ನನಗೆ ಹೇಳು. ಬುದ್ಧಿಮಾತು ಬೇಡ. ಆಮೇಲೆ ಒಂದು ಭಾನುವಾರ ಬಂದು ಸುಗಲಮ್ಮನ ಮನೆಗೆ ನನ್ನ ಜೊತೆ ನಡಿ. ಅವಳಿಗೆ ಬೇರೆ ಕೆಲಸ ಹುಡುಕುವುದು ಇನ್ನು ನಮ್ಮಿಬ್ಬರ ಜವಾಬ್ದಾರಿ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ಅವ್ವ
ಭವಾನಿ

ತಾ.ಕ.: ಸಹಿ ಹಾಕಿ ಅಂಟಿಸಲು ಹೋದೆ, ಆಗಲಿಲ್ಲ. ಇದರ ಜೊತೆ ಒಂದು ಕಂದು ಲಕೋಟೆ ಇಟ್ಟಿದ್ದೇನೆ. ೨೦೧೨ರ ಡಿಸೆಂಬರಿನಲ್ಲಿ, ನಿನ್ನಪ್ಪ ಹೋದ ಮೂರು ತಿಂಗಳಿಗೆ, ನಿನ್ನ ಹೆಸರಿಗೆ, ನೀನು ಕೆಲಸಕ್ಕೆ ಅರ್ಜಿ ಹಾಕಿದ್ದ ಪುಣೆಯ ಪ್ರಯೋಗಾಲಯದಿಂದ ರಿಜಿಸ್ಟರ್ ಅಂಚೆಯಲ್ಲಿ ಬಂದದ್ದು. ನೀನು ಮನೆಯಲ್ಲಿರಲಿಲ್ಲ, ನಾನು ಸಹಿ ಮಾಡಿ ತೆಗೆದುಕೊಂಡೆ, ಒಡೆದು ಓದಿದೆ. ನಿನಗೆ ಆ ಕೆಲಸ ಸಿಕ್ಕಿತ್ತು, ಶ್ರೀವಿದ್ಯಾ. ನಿನ್ನನ್ನೂ ರಸ್ತೆಗೆ ಕೊಡಲು ನನ್ನಿಂದ ಆಗಲಿಲ್ಲ. ಟ್ರಂಕಿನಲ್ಲಿ ಅಪ್ಪನ ಪಂಚೆಗಳ ಕೆಳಗೆ ಇಟ್ಟೆ. ನೀನು ಸಂಕ್ರಾಂತಿಯತನಕ ಪೋಸ್ಟ್‌ಮನ್ನನ ದಾರಿ ಕಾದೆ. ಅಲ್ಲಿಗೆ ಫೋನ್ ಮಾಡಿ ಕೇಳುತ್ತೇನೆ ಎಂದಾಗ, ಆರಿಸದವರ ಮುಂದೆ ಹೋಗಿ ಯಾಕೆ ಸಣ್ಣವಳಾಗುತ್ತೀ ಎಂದು ತಡೆದವಳೂ ನಾನೇ. ಹನ್ನೆರಡು ವರ್ಷ ಇದನ್ನು ನಾನು ತಪ್ಪು ಎಂದು ಕರೆಯಲಿಲ್ಲ. ಸೋಮವಾರ ಆ ಚೌರಸ್ತೆಯಲ್ಲಿ ನಿಂತಾಗ ಕರೆದೆ. ಇದರಿಂದ ನಿನ್ನ ತಪ್ಪು ಸರಿಯಾಗುವುದಿಲ್ಲ, ನನ್ನ ಸಿಟ್ಟೂ ಇಳಿದಿಲ್ಲ. ನಿನಗೆ ಬರಬೇಕಾದ ಸಿಟ್ಟು ನನ್ನದಕ್ಕಿಂತ ದೊಡ್ಡದು. ಶನಿವಾರ ಹನ್ನೊಂದಕ್ಕೆ ಫೋನ್ ಕೈಯಲ್ಲಿ ಹಿಡಿದು ಕೂತಿರುತ್ತೇನೆ. ಅಂಕಿ ಹೇಳಲು ಮನಸ್ಸಾಗದಿದ್ದರೆ ಬೈಯಲಾದರೂ ಮಾಡು.