ಅಕ್ಕನ ಲಿವರು, ತಂಗಿಯ ರಕ್ತ

ಮಂಗಳವಾರ, ಜೂನ್ ೧೦

ದೊಡ್ಡ ಮಗಳು ಆಶ್ರಿತಾಳ ಮೊಣಕೈಯ ಹಳದಿ ಗಂಟುಗಳು ಕಣ್ಣೆದುರಿನಿಂದ ಹೋಗುತ್ತಿಲ್ಲ. ನಾನು ಬಡಿಸುವ ತುಪ್ಪವೇ ಕಾರಣವೆಂದು ಅತ್ತೆ ಹೇಳುತ್ತಿದ್ದರು. ಅದಲ್ಲವಂತೆ; ಗಂಟಿನಲ್ಲಿರುವುದು ಕೊಲೆಸ್ಟರಾಲಂತೆ. ರಕ್ತದಲ್ಲಿ ಕೊಲೆಸ್ಟರಾಲ್ ತುಂಬಿದ್ದರೂ ಮಗಳ ಲಿವರಿನ ಜೀವಕೋಶಗಳಿಗೆ ಅದನ್ನು ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ. ಸಾಲದೆಂದು ತಿಳಿದು ಅವು ಅದನ್ನು ತಯಾರಿಸುವ ಕಿಣ್ವ ಹೆಚ್ಚಿಸಿ ಇನ್ನಷ್ಟು ತಯಾರಿಸುತ್ತಲೇ ಇರುತ್ತವೆ ಎಂದರು ಮಣಿಪಾಲದ ಡಾಕ್ಟರು. "ಈ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿರಬೇಕು. ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿ."

ಬೆಳ್ಮಣ್‌ಗೆ ಮನೆಗೆ ಮರಳುವ ಬಸ್ಸಿನಲ್ಲಿ, ಇವರ ಅಣ್ಣ ಚಿಕ್ಕ ವಯಸ್ಸಿಗೇ ಎದೆನೋವಿನಿಂದ ಹೋದದ್ದು ಇಬ್ಬರಿಗೂ ನೆನಪಾಗಿತ್ತು. ಊಟಕ್ಕೆ ಕುಳಿತಾಗ, "ಸಣ್ಣವಳದ್ದೂ ನೋಡಬೇಕಲ್ವಾ?" ಎಂದರು. "ಹೌದು, ಅವಳದ್ದೂ ಉಂಟು" ಎಂದೆ. ಅನ್ನ ಇಬ್ಬರಿಗೂ ಸೇರಲಿಲ್ಲ.

ನಾಳೆ ನಾವು ಮೂವರೂ ರಕ್ತ ಕೊಡಬೇಕು. ಸೂಜಿಯ ವಿಷಯ ಸಣ್ಣವಳು ಅಕ್ಷಿತಾಳಿಗೆ ಹೇಳಿಲ್ಲ. ಮಣಿಪಾಲಕ್ಕೆ ಹೋಗುವ ಖುಷಿಯಲ್ಲಿ ಹೊಸ ಫ್ರಾಕನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದಾಳೆ.