ಬಾಗಿಲ ಬಳಿಯ ಒಲೆ

ಶನಿವಾರ, ಮಾರ್ಚ್ ೧೪
ಮಧ್ಯಾಹ್ನ, ನಮ್ಮ ಮನೆಯಿಂದ

ನನ್ನ ಮನೆಯವಳಿಗೆ,

ನಾನು ಕ್ಷೇಮ. ನೀನೂ, ನಿನ್ನ ತಂಗಿಯೂ, ಅವಳ ಇಬ್ಬರು ಹೆಣ್ಣುಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನೀನು ಹೋಗಿ ಒಂಬತ್ತು ದಿನವಾಯಿತು, ಈಗ ಕಾಗದ ಬರೆಯುತ್ತಿದ್ದಾನೆ ಮಹಾಶಯ ಎಂದು ಬೈದುಕೊಳ್ಳಬೇಡ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ಐದು ಕಿಲೋಮೀಟರಿಗೆ ಕಾಗದ ಯಾಕೆ, ಕಾಲಿಲ್ಲವೇ ಎಂದು ಕೇಳುತ್ತೀಯ. ಮಂಗಳವಾರ ಬಂದಿದ್ದೆನಲ್ಲ! ನಿನ್ನ ತಂಗಿ ಇರುವ ಆ ಆಲೂಗಡ್ಡೆ ಗೋದಾಮಿನಲ್ಲಿ ಗಂಡ ಹೆಂಡತಿ ಎರಡು ಮಾತಾಡಲು ಒಂದು ಮೂಲೆಯಾದರೂ ಇದೆಯೇ? ನಾನು "ಹೇಗಿದ್ದೀಯ?" ಎಂದರೆ ಅಡ್ಡ ಕಟ್ಟಿದ ಬೆಡ್‌ಶೀಟಿನ ಆಚೆಯಿಂದ ಟ್ರ್ಯಾಕ್ಟರ್ ಮೆಕ್ಯಾನಿಕ್ಕಿನ ಹೆಂಡತಿ "ಚೆನ್ನಾಗಿದ್ದಾರೆ ಮೇಷ್ಟ್ರೇ" ಎಂದಳು. ಬಾಯಿಗೆ ಬಂದದ್ದನ್ನು ಟೀ ಜೊತೆ ನುಂಗಿಕೊಂಡು ಎದ್ದು ಬಂದೆ. ಇದನ್ನು ಹಾಲಿನ ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ. ಹೊರಗೆ ಆ ಮುರಿದ ತಕ್ಕಡಿ ಬಿದ್ದಿದೆಯಲ್ಲ, ಅಲ್ಲಿ ಕೂತು ಒಬ್ಬಳೇ ಓದು.

ಮನೆಯ ಸಮಾಚಾರ ಕೇಳಿದರೆ, ಬಚ್ಚಲಿನ ನಲ್ಲಿ ಇನ್ನೂ ಸೋರುತ್ತಿದೆ. ಬೇಳೆ ಡಬ್ಬಿ ಯಾವುದು, ಸೋಪಿನ ಪುಡಿ ಡಬ್ಬಿ ಯಾವುದು ಎಂಬುದು ಒಂದು ಸಲ ಬೇಯಿಸಿದ ಮೇಲೆ ಗೊತ್ತಾಯಿತು. ಆಮೇಲೆ ಒಲೆ ಹಚ್ಚಿಲ್ಲ. ಶಾಲೆಯ ಎದುರಿನ ಹೋಟೆಲಿನಲ್ಲಿ ತಿನ್ನುತ್ತಿದ್ದೇನೆ. ನಿನ್ನೆ ಏನಾಯಿತು ಕೇಳು. ನಾವು ಮೇಷ್ಟ್ರುಗಳು ಮಾಡಿದ ಮನೆ ಎಣಿಕೆಯನ್ನು ಪರೀಕ್ಷಿಸಲು ಮೇಲಿನ ಆಫೀಸಿನಿಂದ ಒಬ್ಬ ಬಂದಿದ್ದ. ಹತ್ತು ಮನೆ ಆರಿಸಿಕೊಂಡಿದ್ದನಂತೆ, ನನ್ನ ಗ್ರಹಚಾರಕ್ಕೆ ಅದರಲ್ಲಿ ನಮ್ಮದೂ ಒಂದು. ನೇರವಾಗಿ ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಬೆರಳಾಡಿಸಿದ. ಬೆರಳಿಗೆ ಧೂಳು ಬಂತು. "ಏನ್ ಮೇಷ್ಟ್ರೇ, ಫಾರಂನಲ್ಲಿ 'ವಾಸವಿದೆ' ಅಂತ ಬರೆದಿದ್ದೀರಿ. ಇಲ್ಲಿ ಸಂಸಾರ ಇದೆಯೋ ಇಲ್ಲವೋ?" ಎಂದ. "ಇದೆ ಸಾರ್, ಸದ್ಯಕ್ಕೆ ಬೇರೆ ಕಡೆ ಇದೆ" ಎಂದೆ. ಅವನಿಗೆ ನಗು ಬಂತು. ನನಗೆ ಬರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದು ಕಿವಿಯಲ್ಲೇ ಇದೆ: "ನಿಮ್ಮ ತಪ್ಪು ಅಂತ ನಾನು ಹೇಳ್ತಿಲ್ಲ. ನಿಮಗೇನು ಗೊತ್ತಿತ್ತು ಪಾಪ. ಆದರೆ ನನ್ನ ತಂಗಿಗೆ ಅಂತ ಒಂದು ಬಾಗಿಲು ಆಗೋವರೆಗೂ ನಾನಿಲ್ಲಿ ಎರಡು ಕೋಣೆಯಲ್ಲಿ ಕಾಲು ಚಾಚಿ ಮಲಗಲಾರೆ." ನೀನು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಪಾಪ ಎಂದುಬಿಟ್ಟೆಯಲ್ಲ, ಅಂದಿನಿಂದ ತಲೆ ನೆಟ್ಟಗಿಲ್ಲ.

ಎಣಿಕೆಗೆಂದು ಕೊಟ್ಟ ಕೈಪಿಡಿಯನ್ನು ಮತ್ತೆ ಮತ್ತೆ ತೆಗೆದು ನೋಡುತ್ತೇನೆ. ಏಳನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿದೆ: ಒಂದು ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲರೂ ಸೇರಿ ಒಂದು ಕುಟುಂಬ. ನಿನ್ನ ತಂಗಿ ಮತ್ತವಳ ಮಕ್ಕಳು ಮೂರು ಜನ, ಮೆಕ್ಯಾನಿಕ್ಕಿನ ಮನೆಯವರು ಐದು ಜನ, ಆಲೂಗಡ್ಡೆ ಆರಿಸುವ ದೊಡ್ಡಮ್ಮ, ಅವರ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಸೇರಿ ಆರು ಜನ. ಒಟ್ಟು ಹದಿನಾಲ್ಕು. ಒಲೆ ಒಂದೇ, ಬಾಗಿಲ ಪಕ್ಕದಲ್ಲಿ. ಒಂದು ಕುಟುಂಬ ಎಂದು ಬರೆದೆ. ಆ ಎಣಿಕೆಯ ಮೇಲೆ ಸರ್ಕಾರ ಕೊಡುವ ಹೊಸ ಮನೆಗಳ ಪಟ್ಟಿ ಬಂದಾಗ ಆ ಹದಿನಾಲ್ಕು ಜನಕ್ಕೂ ಸೇರಿ ಒಂದು ಮನೆ, ಅದೂ ಹಿರಿಯರೆಂದು ದೊಡ್ಡಮ್ಮನ ಹೆಸರಿಗೆ. ನಿನ್ನ ತಂಗಿಯ ಹೆಸರೇ ಇಲ್ಲ. ಗಂಡ ಕೊಯ್ಲು ಯಂತ್ರದ ಜೊತೆ ಊರೂರು ಅಲೆಯುವವನು. ದೊಡ್ಡಮ್ಮನ ಮನೆಯವರು ಎದ್ದು ಹೋದರೆ ಗೋದಾಮಿನ ಮಾಲೀಕ ಉಳಿದವರನ್ನೂ ಎಬ್ಬಿಸುತ್ತಾನೆ. ಚಿಪ್ಸ್ ಕಾರ್ಖಾನೆಯವರು ಆ ಜಾಗ ಕೇಳುತ್ತಿದ್ದಾರಂತೆ. ಅವಳು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು?

ಕಾಲುವೆಯಾಚೆಯ ಇಟ್ಟಿಗೆ ಗೂಡಿನವರ ಕಥೆ ಕೇಳಿದ್ದೀಯಾ? ಅವರದೂ ಹೀಗೇ, ಒಂದೇ ಸೂರಿನಡಿ ಮೂರು ಸಂಸಾರ. ಎಣಿಸುವವರು ಬರುತ್ತಾರೆಂದು ಹಿಂದಿನ ದಿನವೇ ಮೂಲೆಗೊಂದರಂತೆ ಮೂರು ಮೂರು ಇಟ್ಟಿಗೆ ಇಟ್ಟು, ಹಳೇ ಟೈರು ಸುಟ್ಟು ಕಪ್ಪು ಮಾಡಿಟ್ಟರಂತೆ. ಮೂರು ಮನೆ ಸಿಕ್ಕಿತು. ಮಸಿಗೆ ಮನೆ, ನಿಜಕ್ಕೆ ಗೋದಾಮು! ಅವರನ್ನು ಬೈಯೋಣವೆಂದರೆ ಬಾಯಿ ಬರುವುದಿಲ್ಲ, ಅವರೂ ಇಕ್ಕಟ್ಟಿನಲ್ಲೇ ಇದ್ದವರು. ಸುಳ್ಳು ಹೇಳಿದವರಿಗೆ ಸಿಕ್ಕಿದ್ದು ನ್ಯಾಯವಾಗಿಯೇ ಸಿಕ್ಕಿದೆ, ನಿಜ ಬರೆದ ನನ್ನಿಂದ ಅನ್ಯಾಯವಾಗಿದೆ. ಇದರ ತಲೆಬುಡ ನನಗೆ ಅರ್ಥವಾಗುತ್ತಿಲ್ಲ. ಮಕ್ಕಳಿಗೆ ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ, ಎಣಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಮನೆಯೆಂದರೆ ಯಾವುದು ಎನ್ನುವುದೇ ಮರೆತು ಹೋದಂತಾಗಿದೆ ಕಣೇ. ನಮ್ಮ ಬೀದಿಯನ್ನೇ ತೆಗೆದುಕೋ. ಹನ್ನೊಂದು ಮನೆಗಳಲ್ಲಿ ನಾಲ್ಕಕ್ಕೆ ಬೀಗ. ಕಾರ್ಖಾನೆ ಬಂದ ಮೇಲೆ ಬೆಲೆ ಏರುತ್ತದೆಂದು ಪೇಟೆಯಲ್ಲಿ ಕೂತವರು ಕೊಂಡು ಬೀಗ ಜಡಿದು ಹೋಗಿದ್ದಾರೆ. ಒಂದರ ಕಿಟಕಿಯಿಂದ ಇಣುಕಿದೆ, ಸೋಫಾದಲ್ಲಿ ಇಲಿ ಮರಿ ಹಾಕಿತ್ತು. ಅದನ್ನು 'ಮನೆ' ಎಂದು ಬರೆದೆ. ಹೊಲದ ಕಡೆ ಒಬ್ಬ ಹಸುವಿನ ಕೊಟ್ಟಿಗೆಗೆ ಹಲಗೆ ಬಾಗಿಲು ಹೊಡೆದು ಕಳೆ ಕೀಳುವವರಿಗೆ ಬಾಡಿಗೆಗೆ ಕೊಟ್ಟಿದ್ದಾನೆ. "ಹಸು ಎಲ್ಲಪ್ಪಾ?" ಎಂದೆ. "ಮಾರಿಬಿಟ್ಟೆ ಮೇಷ್ಟ್ರೇ. ಹಸು ಬಾಡಿಗೆ ಕೊಡಲ್ವಲ್ಲ!" ಎಂದ. ಒಳಗೆ ಗೋಡೆಗೆ ಹಸು ಕಟ್ಟುವ ಬಳೆ ಹಾಗೇ ಇತ್ತು, ಅದಕ್ಕೆ ಮಗುವಿನ ಜೋಲಿ ಕಟ್ಟಿದ್ದರು. ಅದನ್ನು 'ಕೊಟ್ಟಿಗೆ' ಎಂದು ಬರೆಯಬೇಕೆಂದು ನಿಯಮ. ಬರೆದೆ.

ಇನ್ನು ತಕರಾರು ಅರ್ಜಿಯ ಮಾತು. ಎಣಿಸಿದವನೇ ತಿದ್ದುಪಡಿ ಬರೆದುಕೊಟ್ಟರೆ ಪಟ್ಟಿ ಬದಲಾಗುತ್ತದಂತೆ. ಸೋಮವಾರ ಕೊನೆಯ ದಿನ. ನಿನ್ನೆ ಬಂದವನನ್ನೇ ಕೇಳಿದೆ. "ಬರೆದುಕೊಡಿ ಮೇಷ್ಟ್ರೇ, ಆದರೆ 'ನಾನು ತಪ್ಪಾಗಿ ಎಣಿಸಿದೆ' ಅಂತ ಸ್ಪಷ್ಟವಾಗಿ ಇರಬೇಕು. ಕಾರಣನೂ ಬೇಕು. ನಿಮ್ಮ ನಾದಿನಿ ಅಂತ ಗೊತ್ತಾದರೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ, ನೋಡಿಕೊಳ್ಳಿ" ಎಂದ. ಅತ್ತ ದರಿ, ಇತ್ತ ಪುಲಿ. ನಾನು ತಪ್ಪಾಗಿ ಎಣಿಸಿಲ್ಲ, ಒಲೆ ಒಂದೇ ಇತ್ತು. ಹಾಗೆ ಬರೆದರೆ ಸುಳ್ಳು. ಬರೆಯದಿದ್ದರೆ ನೀನಿಲ್ಲ, ಅವಳಿಗೆ ಸೂರಿಲ್ಲ. ಅರ್ಜಿ ಮೇಜಿನ ಮೇಲಿದೆ. ಎಲ್ಲ ತುಂಬಿದ್ದೇನೆ, 'ಕಾರಣ' ಎಂಬಲ್ಲಿ ಮಾತ್ರ ಒಂದು ಗೆರೆ ಬಿಟ್ಟಿದ್ದೇನೆ. ಬೆಳಗಿನಿಂದ ಅದರ ಮುಂದೆ ಕೂತು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು.

ಮಂಗಳವಾರ ನೀನು ಆ ಒಲೆಯ ಮುಂದೆ ಕೂತು ಹದಿನೈದು ಜನಕ್ಕೆ ಬೇಯಿಸುತ್ತಿದ್ದುದನ್ನು ನೋಡಿದೆ. ಹೌದು, ಈಗ ಹದಿನೈದು. ಕೂದಲ ತುಂಬ ಬೂದಿ ಇತ್ತು. ನಾನು ಕೂತ ಜಾಗದಿಂದ ಕೈ ಚಾಚಿದ್ದರೆ ಒರೆಸಬಹುದಿತ್ತು. ಎಲ್ಲರೂ ನೋಡುತ್ತಿದ್ದಾರೆಂದು ಸುಮ್ಮನಿದ್ದೆ. ನೀನಿಲ್ಲದೆ ನನಗೆ ಆಗುವುದಿಲ್ಲ, ಇದನ್ನು ಬರೆಯಲು ಒಂಬತ್ತು ದಿನ ಬೇಕಾಯಿತು.

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸು. ಅವರ ಕೆಮ್ಮು ಹೇಗಿದೆ? ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ. ದೊಡ್ಡವಳು ಭಾಗಾಕಾರದಲ್ಲಿ ಇನ್ನೂ ತಡವರಿಸುತ್ತಾಳೆ, ತಕ್ಕಡಿ ಹತ್ತಿರ ಕೂರಿಸಿಕೊಂಡು ಹೇಳಿಕೊಡು. ಎಲ್ಲರಿಗೂ ಒಳ್ಳೆಯದಾಗಲಿ, ನಿನಗೆ ಮೊದಲು ಆಗಲಿ.

ಇಂತಿ ನಿನ್ನ,
ಕೋಪ ಬಂದಾಗ ನೀನು ಕರೆಯುವ ಹಾಗೆ,
ಮೇಷ್ಟ್ರು

ತಾ.ಕ.: ಕಾಗದ ಮಡಚಿ, ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ವಿಷಯ ಬಿಟ್ಟಿದ್ದೇನೆ. ನಾಲ್ಕು ಸಲ ಹರಿದಿದ್ದೂ ಅದಕ್ಕೇ.

ಎಣಿಸಲು ಹೋದ ದಿನ ನನ್ನ ಜೋಡಿಗೆ ಡ್ರಿಲ್ ಮಾಸ್ತರು ಇದ್ದರು. ಬೆಳಿಗ್ಗೆ ಸೈಕಲ್ ಹತ್ತುವಾಗಲೇ, "ಇವತ್ತು ನೆಂಟರ ಮನೆ, ಪೆನ್ನು ಜಾರೀತು ಮೇಷ್ಟ್ರೇ, ಹುಷಾರು!" ಎಂದು ನಕ್ಕಿದ್ದರು. ಗೋದಾಮಿನಲ್ಲಿ ಅವರು ಹೊರಗೆ ಬಾಗಿಲಿಗೆ ನಂಬರು ಬರೆಯುತ್ತಿದ್ದಾಗ ನಿನ್ನ ತಂಗಿ ನನ್ನನ್ನು ಪಕ್ಕಕ್ಕೆ ಕರೆದು ಟ್ರಂಕು ತೆರೆದು ತೋರಿಸಿದಳು. ಅದರಲ್ಲಿ ಒಂದು ಸೀಮೆಎಣ್ಣೆ ಸ್ಟವ್ ಇತ್ತು, ಬಟ್ಟೆಯಲ್ಲಿ ಸುತ್ತಿದ್ದು. "ಭಾವ, ಇದು ನನ್ನದೇ. ಕಿಟಕಿ ಇಲ್ಲ, ಒಳಗೆ ಹಚ್ಚಿದರೆ ಹೊಗೆಗೆ ದೊಡ್ಡಮ್ಮನಿಗೆ ಉಸಿರು ಕಟ್ಟುತ್ತೆ. ಅದಕ್ಕೇ ಎಲ್ಲರೂ ಬಾಗಿಲ ಹತ್ತಿರ ಒಂದೇ ಒಲೆ ಮಾಡಿಕೊಂಡಿದ್ದೀವಿ. ಈ ಪಟ್ಟಿ ಮನೆ ಕೊಡೋದಕ್ಕೆ ಅಂತೆ. ಸಂಜೆಗೆ ಇದನ್ನ ಹೊರಗಿಟ್ಟು ಹಚ್ತೀನಿ, ಒಂದು ಸಲ ಬಂದು ನೋಡಿ ಬರೀತೀರಾ?" ಎಂದಳು.

ಪಟ್ಟಿ ಯಾಕೆಂದು ನನಗೆ ಗೊತ್ತಿತ್ತು ಕಣೇ. ಸಂಜೆಯವರೆಗೆ ಸಮಯವೂ ಇತ್ತು. ಆದರೂ, ಹೊರಗಿದ್ದವರಿಗೆ ಕೇಳಿಸಲಿ ಎಂದು ದನಿ ಏರಿಸಿ, "ನಿಯಮ ಅಂದರೆ ನಿಯಮ ಕಣಮ್ಮ, ನೆಂಟಸ್ತಿಕೆ ಬೇರೆ" ಎಂದೆ. ಡ್ರಿಲ್ ಮಾಸ್ತರು ತಲೆದೂಗಿದರು. ಅವರು ತಲೆದೂಗಲಿ ಎಂದು ಅವಳ ಬಾಗಿಲನ್ನು ಕೊಟ್ಟುಬಿಟ್ಟೆ. ಅವಳು ಟ್ರಂಕು ಮುಚ್ಚಿ ನನಗೆ ಟೀ ತಂದುಕೊಟ್ಟಳು. ನಾಲ್ಕು ಗಂಟೆಗೆಲ್ಲ ಮನೆಗೆ ಬಂದೆ. "ತಂಗಿ ಹೇಗಿದ್ದಾಳೆ?" ಎಂದು ನೀನು ಕೇಳಿದೆ. "ಚೆನ್ನಾಗಿದ್ದಾಳೆ" ಎಂದೆ.

ಅವಳು ಇದನ್ನು ನಿನಗೆ ಹೇಳಿಲ್ಲ. ಒಂಬತ್ತು ದಿನದಿಂದ ಪಕ್ಕದಲ್ಲೇ ಮಲಗುತ್ತೀಯ, ಹೇಳಿಲ್ಲ. ಹೇಳಿದ್ದರೆ ಪಾಪ ಎನ್ನುತ್ತಿರಲಿಲ್ಲ ನೀನು.

ಅರ್ಜಿಯ ಆ ಗೆರೆಯಲ್ಲಿ ಬರೆಯಬೇಕಾದ ಕಾರಣ ಇದೇ. ಸೋಮವಾರ ಬರೆದು ಕೊಡುತ್ತೇನೆ, ಯಾರು ಏನಾದರೂ ಅನ್ನಲಿ. ಮೊದಲು ನಿನಗೆ ಗೊತ್ತಾಗಲಿ ಎಂದು ಬರೆದೆ.